ಪಹಣಿ ಬಿಡಿಸಿ ಹೇಳಿದರೆ ಅರ್ಥವಾಗುತ್ತದೆ

ಮಾನ್ಯರೇ,

ಸಿಇಟಿ ಆದ ಮೇಲೆ ಕಾಲೇಜು, ಬ್ರ್ಯಾಂಚ್ ಆರಿಸಿ ನಮೂದಿಸುವ ಆಪ್ಷನ್ ಎಂಟ್ರಿ ಸಮಯದಲ್ಲಿ ನಮ್ಮ ಕಾಲೇಜಿನ ಸಹಾಯ ಕೌಂಟರ್‌ನಲ್ಲಿ ಕೂರುವವಳು ನಾನು. ಪೋಷಕರದು ಒಂದೇ ಪ್ರಶ್ನೆ: 'ಕಂಪ್ಯೂಟರ್ ಸೈನ್ಸ್ ಸಿಗಲ್ವಾ ಮೇಡಂ?' ಇನ್ಫರ್ಮೇಶನ್ ಸೈನ್ಸ್ ಅಂದರೆ ಮುಖ ಸಪ್ಪಗಾಗುತ್ತದೆ. ಡೇಟಾಬೇಸ್, ನೆಟ್‌ವರ್ಕ್ ಎರಡೂ ಕಡೆ ಓದುವುದೇ ಅಂದರೂ ನಂಬುವುದಿಲ್ಲ.

ಹೋದ ವರ್ಷ ರೈತರೊಬ್ಬರು ಮಗಳ ಜೊತೆ ಬಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಜಾತಿ, ಆದಾಯ ಪತ್ರದ ಜೊತೆ ಮಡಚಿದ ಪಹಣಿಯೂ ಇತ್ತು. ಅದನ್ನೇ ಬಿಡಿಸಿದೆ. ಸರ್ವೆ ನಂಬರ್, ಮಾಲೀಕರ ಹೆಸರು, ಬೆಳೆ, ಸಾಲ. ಇವನ್ನೆಲ್ಲ ಒಂದಕ್ಕೊಂದು ಹೊಂದಿಸಿ, ತಪ್ಪಿಲ್ಲದಂತೆ ಕಾಯುವುದನ್ನೇ ನಾವು ಕಲಿಸುವುದು ಅಂದೆ. 2000ರ ಸುಮಾರಿಗೆ ಪಹಣಿಯನ್ನು ಕಂಪ್ಯೂಟರಿಗೆ ತಂದ 'ಭೂಮಿ' ಯೋಜನೆ ಬರುವ ಮುಂಚೆ ಗ್ರಾಮ ಲೆಕ್ಕಿಗರ ಹಿಂದೆ ಅಲೆದದ್ದು ನೆನಪಾಗಿ ಅವರು ನಕ್ಕರು. ಮಗಳು ಮಾತ್ರ ನಗಲಿಲ್ಲ. 'ಒಂದು ಸರ್ವೆ ನಂಬರ್ ಅಣ್ಣ ತಮ್ಮಂದಿರಿಗೆ ಭಾಗ ಆದ್ರೆ ಕಂಪ್ಯೂಟರ್‌ನಲ್ಲಿ ಏನ್ ಮಾಡ್ತಾರೆ ಮೇಡಂ?' ಎಂದಳು. ಡೇಟಾಬೇಸ್ ತರಗತಿಯಲ್ಲಿ ಇಂಥ ಪ್ರಶ್ನೆಗೆ ನಾನು ವರ್ಷಗಟ್ಟಲೆ ಕಾದಿದ್ದೇನೆ!

ಸಂಬಳದ ಪ್ಯಾಕೇಜಿನ ಲೆಕ್ಕ ಬರೆದ ಫ್ಲೆಕ್ಸ್ ಸುಮ್ನೆ ದುಡ್ಡು ದಂಡ. ಅದರ ಬದಲು ಕೊನೆ ವರ್ಷದ ಹುಡುಗರನ್ನು ಡಿಸೆಂಬರ್‌ನಲ್ಲೇ ಹಳ್ಳಿ ಕಡೆಯ ಪಿಯು ಕಾಲೇಜುಗಳಿಗೆ ಕಳಿಸಿ, ಒಂದು ಪಹಣಿ, ಒಂದು ರೇಷನ್ ಕಾರ್ಡ್ ಕೊಟ್ಟು. ಕೌಂಟರ್‌ಗೆ ಬರುವ ಹೊತ್ತಿಗೆ ಅಪ್ಪ, ಮಾವ, ಪಕ್ಕದ ಮನೆಯವರು ಎಲ್ಲ ಸೇರಿ ಬ್ರ್ಯಾಂಚ್ ತೀರ್ಮಾನ ಮಾಡಿಯಾಗಿರುತ್ತದೆ.

– ಅಧ್ಯಾಪಕಿ, ಇನ್ಫರ್ಮೇಶನ್ ಸೈನ್ಸ್ ವಿಭಾಗ, ಹಾಸನ