ಕಾರವಾರದಲ್ಲಿರುವ ಮಗಳಿಗೆ

ಶಿರಸಿ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಡಿಕೆಗೆ ಎರಡನೆಯ ಸಲ ಕೊಳೆಮದ್ದು ಹೊಡೆಯಲು ಮಳೆ ಬಿಡುತ್ತಿಲ್ಲ.

ಜೋಮು ಹಿಡಿದ ಬೆರಳಿಗೆ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಕೊಂಡು, ಕೊನೆಗೆ ನಿನ್ನ ಬಳಿ ಬಂದ ಹೆಂಗಸಿನ ವಿಷಯ ನೀನು ಬರೆದಿದ್ದೆ. ಅದು ಕುಷ್ಠವೆಂದು ನೀನು ಗುರುತಿಸಿದ್ದು ಓದಿ ಹೆಮ್ಮೆಯಾಯಿತು. ಆದರೆ ವೈದ್ಯರ ಸಂಘದ ಸಭೆಗೆ ಅದನ್ನು ಬರೆದು ಕಳಿಸುವುದಿಲ್ಲ, ಕಾರವಾರದಿಂದ ಬರೆದರೆ ಯಾರು ಓದುತ್ತಾರೆ ಎಂದಿದ್ದೀಯಲ್ಲ, ಆ ಮಾತು ನನಗೆ ಒಪ್ಪಿಗೆಯಿಲ್ಲ.

ನಾರ್ವೆಯ ವೈದ್ಯ ಹ್ಯಾನ್ಸನ್ ಈ ರೋಗಾಣುವನ್ನು ಕಂಡದ್ದು 1873ರಲ್ಲಿ. ಜಗತ್ತಿನ ಕುಷ್ಠವೈದ್ಯರು 1897ರಲ್ಲಿ ಬರ್ಲಿನ್‌ನಲ್ಲಿ ಸೇರಿದರು, ಮತ್ತೆ ಸೇರಿದ್ದು 1909ರಲ್ಲಿ, ಆಮೇಲೆ 1923ರಲ್ಲಿ. ಒಂದು ಸಭೆಯಿಂದ ಇನ್ನೊಂದು ಸಭೆಯವರೆಗೆ ರೋಗಿ ಕಾಯುತ್ತಾನೆಯೇ? 1931ರ ಜನವರಿಯಲ್ಲಿ ಮನಿಲಾದಲ್ಲಿ ಕೂಡಿದವರು ಅಂತರರಾಷ್ಟ್ರೀಯ ಕುಷ್ಠರೋಗ ಸಂಘ ಕಟ್ಟಿದರು. 1933ರಿಂದ ಅದರ ಪತ್ರಿಕೆ ಹೊರಟಿತು. ಸಂಪಾದಕ ವೇಡ್ ಇದ್ದದ್ದು ಪ್ಯಾರಿಸ್‌ನಲ್ಲೂ ಅಲ್ಲ, ಲಂಡನ್‌ನಲ್ಲೂ ಅಲ್ಲ. ಫಿಲಿಪ್ಪೀನ್ಸ್‌ನ ಕ್ಯೂಲಿಯನ್ ದ್ವೀಪದಲ್ಲಿ, ಮನೆಯವರಿಂದ ಅಗಲಿಸಿ ತಂದಿಟ್ಟ ಸಾವಿರಾರು ರೋಗಿಗಳ ನಡುವೆ. ಅದರ ಮುಂದೆ ಕಾರವಾರ ಮಹಾನಗರ, ಮಗಳೇ.

ಇನ್ನೊಂದು ಮಾತು. 1948ರಲ್ಲಿ ಹವಾನಾದ ಕುಷ್ಠ ಸಮ್ಮೇಳನ ರೋಗಿಯನ್ನು ಹೀಗಳೆಯುವ 'ಲೆಪರ್' ಎಂಬ ಪದವನ್ನೇ ಬಿಡಬೇಕೆಂದು ಠರಾವು ಮಾಡಿತು. ಅದೇ ಪದವನ್ನು ಹೆಸರಿನಲ್ಲಿ ಹೊತ್ತ ನಮ್ಮ 1898ರ ಕಾಯಿದೆ ರದ್ದಾದದ್ದು 2016ರಲ್ಲಿ! ಪದಕ್ಕೇಕೆ ಇಷ್ಟು ಜಗ್ಗಾಟ ಎನ್ನಬೇಡ. ಕುಷ್ಠರೋಗಿಗಳಿಗೆ ಮಾತ್ರೆ ಕೊಡುವ ನೌಕರಿಯ ಮೊದಲ ವರ್ಷ ಅಘನಾಶಿನಿ ದಡದ ಒಂದು ಅಂಗಳದಲ್ಲಿ ನಿಂತು, ನಾಲ್ಕು ಮನೆಗೆ ಕೇಳುವಂತೆ ನಾನು 'ಮಹಾರೋಗದವರ ಮನೆ ಇದೇ ಏನು' ಎಂದು ಕೂಗಿದ್ದೆ. ಮರುವಾರದಿಂದ ಆ ಮನೆಯಾಕೆ ಮಾತ್ರೆಗೆ ಬರಲಿಲ್ಲ. ವರ್ಷದ ಮೇಲೆ ಕಂಡಾಗ ಆಕೆಯ ಎರಡು ಬೆರಳು ಮಡಚಿಕೊಂಡಿದ್ದವು. ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸುವ ಕೆಲಸ ನಿಂತಿತ್ತು. ಆ ಕೈ ಇಂದಿಗೂ ನನ್ನ ಕಣ್ಣ ಮುಂದಿದೆ.

ಆದ್ದರಿಂದ ಈ ವಾರವೇ ಬರೆ. ಮೊದಲು ಆಕೆಯ ಒಪ್ಪಿಗೆ ಕೇಳು, ಹೆಸರು ಹಾಕಬೇಡ. ಜೋಮು ಯಾವ ಬೆರಳಿನಲ್ಲಿ ಶುರುವಾಯಿತು, ನಿನಗಿಂತ ಮುಂಚೆ ಎಷ್ಟು ಜನ ನೋಡಿಯೂ ಗುರುತಿಸಲಿಲ್ಲ ಎಂಬುದನ್ನು ಬಿಡಿಸಿ ಬರೆ. ಭಟ್ಕಳದಲ್ಲೋ ಜೋಯಿಡಾದಲ್ಲೋ ಕುಳಿತ ಇನ್ನೊಬ್ಬ ವೈದ್ಯನಿಗೆ ಬೇಕಾದದ್ದು ಅಷ್ಟೇ. ಕಳಿಸುವ ಮುಂಚೆ ನನಗೊಂದು ಪ್ರತಿ ಹಾಕು.

ನಿನ್ನ ದೊಡ್ಡಪ್ಪ