ಓಟಿ (ಆಪರೇಷನ್ ಥಿಯೇಟರ್) ತಂಡದ ಗಮನಕ್ಕೆ: ರೋಗಿಯ ಚರ್ಮ

ಎಲ್ಲರಿಗೂ ನಮಸ್ಕಾರ. 3 ಗಂಟೆಗಿಂತ ಜಾಸ್ತಿ ಹಿಡಿಯುವ ಆಪರೇಷನ್‌ಗಳಲ್ಲಿ ಒತ್ತಡದ ಹುಣ್ಣಿನ (ಒಂದೇ ಜಾಗ ತುಂಬಾ ಹೊತ್ತು ಒತ್ತಿದಾಗ ಆಗುವ ಗಾಯ) ಅಪಾಯ ಹೆಚ್ಚು. ಅರಿವಳಿಕೆಯಲ್ಲಿ ಇರುವವರಿಗೆ ನೋವು ಗೊತ್ತಾಗುವುದಿಲ್ಲ, ಮಗ್ಗುಲು ಬದಲಿಸಲೂ ಆಗುವುದಿಲ್ಲ. ಅವರ ಪರವಾಗಿ ನಾವೇ ನೋಡಬೇಕು, ಅಲ್ವಾ?

ಟೇಬಲ್‌ಗೆ ಹಾಕುವ ಮೊದಲು ಚರ್ಮ ನೋಡಿ ಬರೆದಿಡಿ. ರೋಗಿಯನ್ನು ಎಳೆಯಬೇಡಿ, ಎತ್ತಿ ಸರಿಸಿ. ಎಳೆದಾಗ ಮೇಲಿನ ಚರ್ಮ ಅಲ್ಲೇ ನಿಲ್ಲುತ್ತದೆ, ಒಳಗಿನ ಮಾಂಸ ಜಾರುತ್ತದೆ. ಸಣ್ಣ ರಕ್ತನಾಳಗಳು ಹಾಳಾಗುವುದು ಹೀಗೇ.

ಅಂಗಾತ ಮಲಗಿಸಿದರೆ ಹಿಮ್ಮಡಿ, ಬೆನ್ನಿನ ಬುಡ, ತಲೆಯ ಹಿಂಭಾಗ ನೋಡಿ. ಹಿಮ್ಮಡಿ ಟೇಬಲ್‌ಗೆ ತಾಗದಂತೆ ಮೀನಖಂಡದ ಕೆಳಗೆ ಆಧಾರ ಕೊಡಿ, ಮಂಡಿ ಸ್ವಲ್ಪ ಮಡಚಿರಲಿ. ಸುತ್ತಿದ ಟವೆಲ್ ಇಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅದು ಒತ್ತಡ ಕಡಿಮೆ ಮಾಡುವುದಿಲ್ಲ, ಜಾಸ್ತಿಯೇ ಮಾಡಬಹುದು. ಫೋಮ್ ಅಥವಾ ಜೆಲ್ ಪ್ಯಾಡ್ ಬಳಸಿ. ಅದರ ಮೇಲೆ ಬಟ್ಟೆಯ ಪದರಗಳನ್ನು ಸುಮ್ನೆ ಪೇರಿಸಬೇಡಿ.

ಚರ್ಮ ಶುದ್ಧಮಾಡುವ ದ್ರಾವಣ ಬೆನ್ನಿನ ಕೆಳಗೆ ಹರಿದು ನಿಲ್ಲದಂತೆ ನೋಡಿ. ಒದ್ದೆ ಚರ್ಮ ಬೇಗ ಕೆಡುತ್ತದೆ. ಟ್ಯೂಬ್, ಕೇಬಲ್, ಕ್ಯಾತಿಟರ್ ಮೈ ಕೆಳಗೆ ಸಿಕ್ಕಿಕೊಂಡಿದೆಯಾ ಎಂದೂ ಒಮ್ಮೆ ಕೈಯಾಡಿಸಿ.

ಮುಗಿದ ಮೇಲೆ ಮತ್ತೆ ಚರ್ಮ ನೋಡಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸುಲಭಕ್ಕೆ ಕಾಣುವುದಿಲ್ಲ, ಮುಟ್ಟಿ ನೋಡಿ: ಬಿಸಿ ಇದೆಯಾ, ಗಟ್ಟಿಯಾಗಿದೆಯಾ? ಕೆಂಪಾದ ಜಾಗವನ್ನು ತಿಕ್ಕಬೇಡಿ. ಆಳದ ಗಾಯ ಎರಡು ಮೂರು ದಿನ ಬಿಟ್ಟು ಮೇಲೆ ಕಾಣಿಸಬಹುದು. ಹಾಗಾಗಿ ಯಾವ ಭಂಗಿಯಲ್ಲಿ, ಎಷ್ಟು ಹೊತ್ತು ಮಲಗಿದ್ದರು ಎನ್ನುವುದನ್ನು ವಾರ್ಡ್‌ಗೆ ಹೇಳಿಯೇ ಕಳಿಸಿ. ಆದಷ್ಟೂ ಬೇರೆ ಭಂಗಿಯಲ್ಲಿ ಮಲಗಿಸಲು ಅವರಿಗೆ ಇದು ಬೇಕಾಗುತ್ತದೆ.