ಶತಮಾನೋತ್ಸವದ ವೇದಿಕೆಯಲ್ಲಿ ಶಾಲೆಯ ಮುಂದಿನ ಖರ್ಚಿನ ಲೆಕ್ಕವನ್ನೂ ಓದಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಧಾರವಾಡ, ಗದಗ ಹಾಗೂ ಹಾವೇರಿ ಶೈಕ್ಷಣಿಕ ಜಿಲ್ಲೆಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಶತಮಾನೋತ್ಸವ, ಗುರುವಂದನೆ, ಹಳೆಯ ವಿದ್ಯಾರ್ಥಿಗಳ ಸ್ನೇಹ ಸಮ್ಮೇಳನಗಳು ನಡೆಯುತ್ತಿರುವ ಸುದ್ದಿ ನಿಮ್ಮ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ಮೇಲಿಂದ ಮೇಲೆ ಬರುತ್ತಿರುತ್ತದೆ. ಈ ಸಮಾರಂಭಗಳ ಬಗ್ಗೆ ನನಗೆ ತುಂಬು ಗೌರವವಿದೆ. ಆದರೆ ಅವುಗಳಿಗಾಗಿ ಊರು ಕೂಡಿಸುವ ಹಣದಲ್ಲಿ ಒಂದು ಪಾಲು ಶಾಲೆಯ ಹೆಸರಿನಲ್ಲಿ ದತ್ತಿಯಾಗಿ ಉಳಿಯಬೇಕು, ಮುಂದಿನ ವರ್ಷಗಳಲ್ಲಿ ಆ ಶಾಲೆ ಎದುರಿಸಬೇಕಾದ ಖರ್ಚು ಎಷ್ಟೆಂಬುದನ್ನು ಅದೇ ವೇದಿಕೆಯಿಂದ ಊರಿಗೆ ತಿಳಿಸಬೇಕು ಎಂದು ವಿನಂತಿಸಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಮುಂಬಯಿ ಪ್ರಾಂತದ ಕಾಲದಲ್ಲಿ ಆರಂಭವಾದ ನಮ್ಮ ಭಾಗದ ಹಳೆಯ ಕನ್ನಡ ಶಾಲೆಗಳು ಮೊದಲಿನಿಂದಲೂ ಊರಿನವರ ದುಡ್ಡನ್ನೂ ನೆಚ್ಚಿ ನಿಂತವು. 1860ರ ದಶಕದಲ್ಲಿ ಭೂಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದಾಣೆಯ ಸ್ಥಳೀಯ ಕರವನ್ನು ಈ ಪ್ರಾಂತದ ರೈತರು ಕೊಡತೊಡಗಿದರು. ಅದರ ಮೂರನೇ ಒಂದು ಪಾಲು ಶಾಲೆಗಳಿಗೆ ಮೀಸಲಾಗಿತ್ತು. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆಯ ನಂತರ ಈ ಶಾಲೆಗಳ ಆಡಳಿತ ಸ್ಥಳೀಯ ಸಂಸ್ಥೆಗಳ ಕೈಗೆ ಬಂತು. ತನ್ನ ಮಕ್ಕಳು ಓದಲಿ, ಬಿಡಲಿ, ರೈತನೊಬ್ಬ ವರ್ಷವರ್ಷವೂ ಕಂದಾಯದ ಜೊತೆಗೆ ಶಾಲೆಯ ಪಾಲನ್ನೂ ಕಟ್ಟಿದ. ಅಂಥ ಶಾಲೆಗೆ ನೂರು ತುಂಬಿದಾಗ ಊರು ಸಂಭ್ರಮಿಸುವುದು ನ್ಯಾಯವೇ ಆಗಿದೆ. ಗಂಡನ ಮನೆಯಿಂದ ಬಂದ ಹೆಣ್ಣುಮಕ್ಕಳು ತಾವು ಕೂತು ಕಲಿತ ಕೋಣೆಯನ್ನು ತಮ್ಮ ಮಕ್ಕಳಿಗೆ ತೋರಿಸುವುದು, ಪುಣೆ, ಬೆಂಗಳೂರುಗಳಲ್ಲಿ ನೆಲೆಸಿದವರು ರಜೆ ಹಾಕಿ ಬಂದು ಎಂಬತ್ತು ದಾಟಿದ ಗುರುಗಳ ಕಾಲಿಗೆ ನಮಸ್ಕರಿಸುವುದು, ಶಾಲೆ ಬಿಟ್ಟು ಹೊಲಕ್ಕೆ ಹೋದವನೂ ಅಧಿಕಾರಿಯಾದವನೂ ಒಂದೇ ಪಂಕ್ತಿಯಲ್ಲಿ ಕೂತು ಗೋಧಿ ಹುಗ್ಗಿ ಉಣ್ಣುವುದು ಬೇರೆ ಯಾವ ಸಭೆಯಲ್ಲಿಯೂ ಕಾಣಸಿಗುವುದಿಲ್ಲ. ಇಂಥ ದಿನವನ್ನು ದುಂದುವೆಚ್ಚ ಎಂದು ತಳ್ಳಿಹಾಕುವವರ ಮಾತಿಗೆ ನನ್ನ ಸಮ್ಮತಿ ಇಲ್ಲ.

ಆದರೆ ಪೆಂಡಾಲು ಬಿಚ್ಚಿದ ಮೇಲೆ ಶಾಲೆಯ ಕೈಯಲ್ಲಿ ಉಳಿಯುವುದೇನು ಎಂಬುದನ್ನು ನೋಡಬೇಕು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಹಣದಿಂದ ನಡೆಯುವ ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಂತೆ ಶಾಲೆಯೊಂದಕ್ಕೆ ವರ್ಷಕ್ಕೊಮ್ಮೆ ಸಿಗುವ ಸಂಯುಕ್ತ ಶಾಲಾ ಅನುದಾನ ಮಕ್ಕಳ ಸಂಖ್ಯೆಯನ್ನು ಅವಲಂಬಿಸಿದೆ. 30 ಮಕ್ಕಳವರೆಗೆ 10,000 ರೂಪಾಯಿ, 100 ಮಕ್ಕಳವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದಕ್ಕೂ ಮೇಲ್ಪಟ್ಟರೆ 1 ಲಕ್ಷ ರೂಪಾಯಿ. ಇದರಲ್ಲಿ ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೆ ಬಳಸಬೇಕು. ಉಳಿದುದರಲ್ಲಿ ಸೀಮೆಸುಣ್ಣ, ಹಾಜರಿ ಪುಸ್ತಕಗಳಿಂದ ಹಿಡಿದು ನಲ್ಲಿ, ಬಾಗಿಲಿನ ಚಿಲಕ, ಗೋಡೆಯ ಬಣ್ಣದವರೆಗೆ ಎಲ್ಲವೂ ಸಾಗಬೇಕು. 95 ಮಕ್ಕಳಿರುವ, ಏಳು ತರಗತಿಗಳ, ಸುತ್ತಲೂ ಪಡಸಾಲೆ ಇರುವ ನೂರು ವರ್ಷದ ಕಟ್ಟಡಕ್ಕೆ ವರ್ಷಕ್ಕೆ 25,000 ರೂಪಾಯಿ ಎಂದರೆ ತಿಂಗಳಿಗೆ ಎರಡು ಸಾವಿರದ ಆಸುಪಾಸು ಮಾತ್ರ. ಅದೂ ಎಷ್ಟೋ ಸಲ ಶೈಕ್ಷಣಿಕ ವರ್ಷ ಅರ್ಧ ಕಳೆದ ಮೇಲೆ ಕಂತಿನಲ್ಲಿ ಬರುತ್ತದೆ.

ಈ ಲೆಕ್ಕದಲ್ಲಿ ನನಗೆ ಅತ್ಯಂತ ಅನ್ಯಾಯವೆನಿಸುವ ಸಂಗತಿ ಬೇರೆಯೇ ಇದೆ. ಖಾಸಗಿ ಶಾಲೆಯ ಹಳದಿ ಬಸ್ಸು ಊರೊಳಗೆ ಬರತೊಡಗಿದ ಮೇಲೆ ಕನ್ನಡ ಶಾಲೆಯ ದಾಖಲಾತಿ 105ರಿಂದ 95ಕ್ಕೆ ಇಳಿಯಿತು ಎನ್ನೋಣ. ಹತ್ತು ಮಕ್ಕಳು ಕಡಿಮೆಯಾದದ್ದಕ್ಕೆ ಅನುದಾನ 50,000ದಿಂದ 25,000ಕ್ಕೆ ಕುಸಿಯುತ್ತದೆ. ಛಾವಣಿಯ ಅಳತೆ ಕಡಿಮೆಯಾಗುವುದಿಲ್ಲ, ಶೌಚಾಲಯಗಳ ಸಂಖ್ಯೆ ಕಡಿಮೆಯಾಗುವುದಿಲ್ಲ, ಕಾಂಪೌಂಡು ಗೋಡೆ ಗಿಡ್ಡವಾಗುವುದಿಲ್ಲ. ದುರಸ್ತಿ ನಿಂತ ಶಾಲೆಯನ್ನು ನೋಡಿ ಮತ್ತೆ ಹತ್ತು ತಂದೆತಾಯಂದಿರು ಮಕ್ಕಳನ್ನು ಬಿಡಿಸುತ್ತಾರೆ. ಹಳೆಯ ಶಾಲೆಗಳೇ ಈ ಇಳಿಜಾರಿನಲ್ಲಿ ಮೊದಲು ಸಿಕ್ಕಿಬೀಳುತ್ತವೆ, ಏಕೆಂದರೆ ಅವುಗಳ ಕಟ್ಟಡ ದೊಡ್ಡದು, ವಯಸ್ಸು ಹೆಚ್ಚು.

ಕಲಘಟಗಿ, ಹಾನಗಲ್ಲ, ಶಿಗ್ಗಾವಿ ಭಾಗದ ಹಂಚಿನ ಶಾಲೆಗಳನ್ನು ನೋಡಿದವರಿಗೆ ಈ ಮಾತು ಬೇಗ ತಿಳಿಯುತ್ತದೆ. ಮಂಗಗಳು ಓಡಾಡಿ ಒಡೆದ ಹಂಚನ್ನು ಮೇ ತಿಂಗಳಲ್ಲಿ ತೆಗೆದು ಹೊಸದು ಹೊದಿಸಿದರೆ ಆ ವರ್ಷ ಛಾವಣಿ ಉಳಿಯುತ್ತದೆ. ಕೈಯಲ್ಲಿ ಹಣವಿಲ್ಲದೆ ಒಂದು ವರ್ಷ ಬಿಟ್ಟರೆ ನೀರು ಸಂದಿಯಿಂದ ಇಳಿದು ಹಂಚನ್ನು ಹೊತ್ತ ಪಟ್ಟಿಯನ್ನು ತೋಯಿಸುತ್ತದೆ, ಎರಡನೆಯ ಮಳೆಗಾಲಕ್ಕೆ ಪಟ್ಟಿ ಮೆತ್ತಗಾಗಿ ಹಂಚಿನ ಸಾಲು ಜೋಲುತ್ತದೆ, ಮೂರನೆಯದಕ್ಕೆ ತೊಲೆಯ ತುದಿ ಗೋಡೆ ಸೇರುವಲ್ಲಿ ಕಪ್ಪಗಾಗುತ್ತದೆ. ಅಲ್ಲಿಗೆ ಕೆಲವು ನೂರು ಹಂಚಿನ ಖರ್ಚು ಲಕ್ಷಗಳ ಖರ್ಚಾಗಿ, ಎಂಜಿನಿಯರರು ಬಂದು ಕೊಠಡಿಯನ್ನು ಶಿಥಿಲವೆಂದು ಬರೆದು ಬೀಗ ಹಾಕಿಸುತ್ತಾರೆ. 2019ರ ಆಗಸ್ಟ್‌ನ ನೆರೆ ಮತ್ತು ಅತಿವೃಷ್ಟಿಯಲ್ಲಿ ನಮ್ಮ ಮೂರೂ ಜಿಲ್ಲೆಗಳಲ್ಲಿ ಶಾಲಾ ಕೊಠಡಿಗಳು ಹಾಳಾದವು. ಅವುಗಳಲ್ಲಿ ನೆರೆಯ ಪಾಲೆಷ್ಟೋ, ಅದಕ್ಕೆ ಹಿಂದಿನ ವರ್ಷಗಳಲ್ಲಿ ಬಿಟ್ಟ ದುರಸ್ತಿಯ ಪಾಲೂ ಅಷ್ಟೇ ಇದ್ದಿರಬೇಕೆಂದು ನಾನು ನಂಬಿದ್ದೇನೆ.

ಶಾಲೆಯವರು ಅನುದಾನದಲ್ಲಿಯೇ ಸ್ವಲ್ಪ ಸ್ವಲ್ಪ ಉಳಿಸಿ ದೊಡ್ಡ ದುರಸ್ತಿಗೆ ಕೂಡಿಡಬಾರದೇ ಎಂದು ಕೆಲವರು ಕೇಳುತ್ತಾರೆ. ಅದು ಸಾಧ್ಯವಿಲ್ಲ. 2021ರಿಂದ ಈ ಹಣ ರಾಜ್ಯಮಟ್ಟದ ಒಂದೇ ಖಾತೆಯಲ್ಲಿರುತ್ತದೆ. ಶಾಲೆಯ ಖಾತೆ ಶೂನ್ಯ ಶಿಲ್ಕಿನದು, ಮಂಜೂರಾದ ಮಿತಿಯೊಳಗೆ ಖರ್ಚು ಮಾಡಬಹುದೇ ಹೊರತು ಉಳಿಸಿ ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ. ಲೆಕ್ಕದ ಶಿಸ್ತಿಗೆ ಈ ಪದ್ಧತಿ ಒಳ್ಳೆಯದಿರಬಹುದು. ಆದರೆ ಮಾರ್ಚ್ ಕೊನೆಗೆ ಮುಗಿಯಲೇಬೇಕಾದ ಹಣದಿಂದ ಹತ್ತು ವರ್ಷದ ಛಾವಣಿಯ ಯೋಚನೆಯನ್ನು ಯಾವ ಮುಖ್ಯೋಪಾಧ್ಯಾಯರೂ ಮಾಡಲಾರರು.

ಹೀಗಿರುವಾಗ ಊರಿನವರು ಕೂಡಿಸುವ ಹಣವೊಂದೇ ವರ್ಷದ ಗಡಿ ದಾಟಿ ಉಳಿಯಬಲ್ಲದ್ದು. ಅದನ್ನು ನಾವು ಎಲ್ಲಿ ಹಾಕುತ್ತಿದ್ದೇವೆ? ಮೆರವಣಿಗೆ, ಪೆಂಡಾಲು, ಧ್ವನಿವರ್ಧಕ, ಎಲ್‌ಇಡಿ ಪರದೆ, ಬಣ್ಣದ ಸ್ಮರಣ ಸಂಚಿಕೆ, ನೂರಾರು ಶಾಲು ಮತ್ತು ಸ್ಮರಣಿಕೆಗಳಿಗೆ ದೊಡ್ಡ ಪಾಲು ಹೋಗುತ್ತದೆ. ಶಾಲೆಗೆಂದು ಕೊಡುವುದೂ ಬಹುತೇಕ ಕಣ್ಣಿಗೆ ಕಾಣುವ ವಸ್ತುವೇ ಆಗಿರುತ್ತದೆ. ನಾನು ಬಲ್ಲ ಒಂದು ಶಾಲೆಯಲ್ಲಿ ದಾನಿಗಳ ಹೆಸರನ್ನು ಕೆಂಪು ಅಕ್ಷರದಲ್ಲಿ ಬರೆಸಿದ ನೀರು ಶುದ್ಧೀಕರಣ ಯಂತ್ರವಿದೆ. ಅದರ ಫಿಲ್ಟರನ್ನು ಬದಲಿಸಲು ಹಣ ಯಾರು ಕೊಡಬೇಕೆಂದು ಸಮಾರಂಭದ ದಿನ ಯಾರೂ ಕೇಳಲಿಲ್ಲ. ಈಗ ನಲ್ಲಿಯ ಬಾಯಿಗೆ ಉಪ್ಪುಗಟ್ಟಿದೆ, ಯಂತ್ರದ ಮೇಲೆ ಬಿಸಿಯೂಟದ ತಟ್ಟೆಗಳನ್ನು ಬೋರಲು ಹಾಕುತ್ತಾರೆ, ಮಕ್ಕಳು ಮನೆಯಿಂದ ಬಾಟಲಿಯಲ್ಲಿ ನೀರು ತರುತ್ತಾರೆ. ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರುಗಳ ಗತಿಯೂ ಅನೇಕ ಕಡೆ ಇದೇ ಆಗಿದೆ. ಕೊಟ್ಟವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ವಸ್ತುವಿನ ಜೊತೆಗೆ ಅದನ್ನು ನಡೆಸುವ ಖರ್ಚನ್ನೂ ಕೊಡಬೇಕೆಂದು ಅವರಿಗೆ ಹೇಳುವವರಿರಲಿಲ್ಲ.

ಐದು ಲಕ್ಷ ರೂಪಾಯಿಯನ್ನು ಶಾಲೆಯ ಹೆಸರಿನಲ್ಲಿ ಮುದ್ದತ್ತು ಠೇವಣಿ ಇಟ್ಟರೆ ಶೇ 6ರ ಬಡ್ಡಿಯಲ್ಲಿ ವರ್ಷಕ್ಕೆ 30,000 ರೂಪಾಯಿ ಬರುತ್ತದೆ. ನೂರು ಮಕ್ಕಳ ಶಾಲೆಗೆ ಸರ್ಕಾರ ಕೊಡುವ ವಾರ್ಷಿಕ ಅನುದಾನಕ್ಕಿಂತ ಇದು ಹೆಚ್ಚು, ಮತ್ತು ಪ್ರತಿ ವರ್ಷ ಬರುವಂಥದ್ದು. ಮೂರು ಲಕ್ಷವೇ ಆದರೂ 18,000 ಬರುತ್ತದೆ. ಪ್ರತಿ ಮೇ ತಿಂಗಳು ಹಂಚು ಹೊದಿಸುವ ಕೂಲಿ ಅದರಿಂದ ಸಾಗುತ್ತದೆ. ಧಾರವಾಡ ಸೀಮೆಗೆ ದತ್ತಿಯ ಪದ್ಧತಿಯನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಹಿರಿಯರ ಹೆಸರಿನಲ್ಲಿ ಕುಟುಂಬದವರು ಇಟ್ಟ ದತ್ತಿಗಳ ಬಡ್ಡಿಯಿಂದ ಉಪನ್ಯಾಸಗಳು ಇಂದಿಗೂ ನಡೆಯುತ್ತಿವೆ. 1906ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಟ್ರಸ್ಟಿಗೆ ಬರೆದುಕೊಟ್ಟಿದ್ದರಿಂದ ಎಷ್ಟೋ ತಲೆಮಾರಿನ ಬಡ ವಿದ್ಯಾರ್ಥಿಗಳು ಓದಿ ಮುಂದೆ ಬಂದರು. ಅವರು ಅಂದು ಆ ಹಣವನ್ನು ಒಂದು ಭವ್ಯ ಸಮಾರಂಭಕ್ಕೆ ವಿನಿಯೋಗಿಸಿದ್ದರೆ ಅವರ ಹೆಸರು ಇಷ್ಟು ಮನೆಗಳಲ್ಲಿ ಉಳಿಯುತ್ತಿರಲಿಲ್ಲ.

ಊರಿನವರೇ ಠೇವಣಿ ಇಟ್ಟುಕೊಂಡರೆ ಸರ್ಕಾರ ತನ್ನ ಜವಾಬ್ದಾರಿಯಿಂದ ನುಣುಚಿಕೊಳ್ಳುವುದಿಲ್ಲವೇ ಎಂಬ ಆತಂಕವನ್ನು ಹಲವು ಶಿಕ್ಷಕ ಮಿತ್ರರು ನನ್ನೆದುರು ವ್ಯಕ್ತಪಡಿಸಿದ್ದಾರೆ. ಆ ಆತಂಕ ಸರಿಯಾದದ್ದೇ. ಶಿಕ್ಷಕರ ನೇಮಕ, ಹೊಸ ಕೊಠಡಿ, ಶೌಚಾಲಯ, ಇವು ಸರ್ಕಾರದ ಹೊಣೆ, ದತ್ತಿಯ ಹಣ ಅವುಗಳ ಹತ್ತಿರ ಸುಳಿಯಕೂಡದು. ದೇಣಿಗೆಯ ನೆರವಿಗೆ ಯಾವಾಗಲೂ ಅವಧಿಯ ಮಿತಿ ಇರುತ್ತದೆ ಎಂಬುದನ್ನೂ ಮರೆಯಬಾರದು. ವಾರದ ಆರೂ ದಿನ ಮಕ್ಕಳಿಗೆ ಮೊಟ್ಟೆ ಸಿಗುವಂತೆ 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮಾಡಿಕೊಂಡ ಒಪ್ಪಂದವೂ ಮೂರು ವರ್ಷದ್ದು. ಆ ನಂತರದ ಖರ್ಚನ್ನು ರಾಜ್ಯದ ಬಜೆಟ್ಟು ಈಗಲೇ ಯೋಚಿಸಬೇಕು. ಸರ್ಕಾರ ಮನಸ್ಸು ಮಾಡಿದರೆ ಶಾಲೆಯ ನಿತ್ಯದ ಹೊರೆ ಇಳಿಸಬಲ್ಲದು ಎಂಬುದಕ್ಕೆ 2023ರ ರಾಜ್ಯೋತ್ಸವದಂದು ಘೋಷಣೆಯಾದ ಉಚಿತ ವಿದ್ಯುತ್ ಮತ್ತು ನೀರಿನ ಸೌಲಭ್ಯವೇ ಸಾಕ್ಷಿ. ಅದೇ ರೀತಿ ದುರಸ್ತಿಯ ಅನುದಾನವನ್ನು ಮಕ್ಕಳ ತಲೆಯೆಣಿಕೆಯಿಂದ ಬೇರ್ಪಡಿಸಿ, ಕಟ್ಟಡದ ವಿಸ್ತೀರ್ಣ ಮತ್ತು ವಯಸ್ಸನ್ನು ನೋಡಿ ಕೊಡಬೇಕೆಂದು ನಮ್ಮ ಭಾಗದ ಶಾಸಕರು ವಿಧಾನಸಭೆಯಲ್ಲಿ ಕೇಳಬೇಕು. ಸಮಾರಂಭಗಳಿಗೆ ಅತಿಥಿಗಳಾಗಿ ಬರುವಾಗ ಅವರು ಈ ಕಟ್ಟಡಗಳನ್ನು ಕಣ್ಣಾರೆ ಕಂಡಿರುತ್ತಾರೆ.

ಖರ್ಚಿನ ಲೆಕ್ಕ ಓದಲು ಹೊಸ ಕಾನೂನು ಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಮಿನ ಪ್ರಕಾರ ಶಾಲೆಯ ಸಮಿತಿ ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಲೇಬೇಕು. ಕಾಯ್ದೆಯಡಿಯ ಕೇಂದ್ರದ ಮಾದರಿ ನಿಯಮಗಳಂತೆ ಅದು ಮೂರು ವರ್ಷಗಳ ಯೋಜನೆಯಾಗಿರಬೇಕು. ನಮ್ಮಲ್ಲಿ ಆ ಕೆಲಸ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯದು, ಅಂದರೆ ಎಸ್‌ಡಿಎಂಸಿಯದು. ವಾಸ್ತವದಲ್ಲಿ ಅದು ನಮೂನೆ ತುಂಬಿ ಮೇಲಿನ ಕಚೇರಿಗೆ ಕಳಿಸುವ ಕಾಗದವಾಗಿದೆ, ಊರಿನ ಬಹುಪಾಲು ಜನರಿಗೆ ಅಂಥದ್ದೊಂದು ಇದೆಯೆಂದೇ ತಿಳಿದಿಲ್ಲ. ಹಳೆಯ ವಿದ್ಯಾರ್ಥಿಗಳೆಲ್ಲ ಕೂಡಿದ ದಿನ ಎಸ್‌ಡಿಎಂಸಿ ಅಧ್ಯಕ್ಷರು ಆ ಯೋಜನೆಯನ್ನು ಎದ್ದು ನಿಂತು ಓದಿದರೆ, ಯಾವ ಕೊಠಡಿಗೆ ಯಾವ ವರ್ಷ ಎಷ್ಟು ಬೇಕು, ಅದರಲ್ಲಿ ಸರ್ಕಾರದಿಂದ ಬರುವುದೆಷ್ಟು, ಬೀಳುವ ಕೊರತೆ ಎಷ್ಟು ಎಂದು ಹೇಳಿದರೆ, ಕೊಡುವ ಕೈಗಳಿಗೆ ದಾರಿ ತೋರಿದಂತಾಗುತ್ತದೆ. ಹತ್ತು ಭಾಷಣಗಳಲ್ಲಿ ಒಂದನ್ನು ಬಿಟ್ಟರೂ ಇದಕ್ಕೆ ಸಮಯ ಸಿಗುತ್ತದೆ.

ಆದ್ದರಿಂದ ಧಾರವಾಡದಲ್ಲಿರುವ ಶಾಲಾ ಶಿಕ್ಷಣ ಇಲಾಖೆಯ ಅಪರ ಆಯುಕ್ತರಲ್ಲಿ ಮತ್ತು ಮೂರೂ ಜಿಲ್ಲೆಗಳ ಉಪನಿರ್ದೇಶಕರಲ್ಲಿ ನನ್ನ ವಿನಂತಿ ಇಷ್ಟು. ಶತಮಾನೋತ್ಸವಕ್ಕೆ ಅನುಮತಿ ಕೋರಿ ಬರುವ ಪ್ರತಿ ಶಾಲೆಗೂ ಎರಡು ಸೂಚನೆ ಕೊಡಬೇಕು: ಶಾಲಾ ಅಭಿವೃದ್ಧಿ ಯೋಜನೆಯನ್ನು ವೇದಿಕೆಯಲ್ಲಿ ಓದಬೇಕು, ಸಂಗ್ರಹವಾದ ದೇಣಿಗೆಯ ಮೂರನೇ ಒಂದು ಪಾಲನ್ನಾದರೂ ಅಸಲು ಮುಟ್ಟದ ದತ್ತಿಯಾಗಿ ಇಡಬೇಕು. ಮುಖ್ಯೋಪಾಧ್ಯಾಯರು ವರ್ಗವಾಗಿ ಹೋಗುತ್ತಾರೆ, ಎಸ್‌ಡಿಎಂಸಿ ಬದಲಾಗುತ್ತದೆ. ಹೀಗಾಗಿ ಠೇವಣಿಯ ವಿವರವನ್ನು ಗ್ರಾಮ ಪಂಚಾಯಿತಿಯ ಠರಾವಿನಲ್ಲಿಯೂ ದಾಖಲಿಸಿ, ಬಡ್ಡಿ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಎಂಬುದನ್ನು ಪ್ರತಿ ವರ್ಷ ಆಗಸ್ಟ್ 15ರ ಧ್ವಜಾರೋಹಣದ ನಂತರ ಪಾಲಕರೆದುರು ಓದುವ ವ್ಯವಸ್ಥೆಯಾಗಬೇಕು. ಸಮಾರಂಭಗಳ ಹಂಗಾಮು ಸುಗ್ಗಿ ಮುಗಿದ ಮೇಲೆ ಆರಂಭವಾಗುವುದರಿಂದ, ದೀಪಾವಳಿಯೊಳಗೆ ಈ ಸುತ್ತೋಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ತಲುಪಿದರೆ ಬರುವ ವರ್ಷದ ಶತಮಾನೋತ್ಸವಗಳಿಂದಲೇ ಇದನ್ನು ಜಾರಿಗೆ ತರಬಹುದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ,
ಹಾನಗಲ್ಲ ತಾಲೂಕು, ಹಾವೇರಿ ಜಿಲ್ಲೆ